ಅರಳಿಕಟ್ಟೆಯ ಮೇಲೆ ತೀರಿಸಿದ ಮುಯ್ಯಿ

ನನ್ನ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ ಕೂಲಿ ಮಾಡಿದಳು ಎಂದು ಊರು ಹೇಳಿತು. ಮಾಡಲಿಲ್ಲ ಎಂದು ನಾನು ಹೇಳಿದೆ. ಈಗಲೂ ಅದನ್ನೇ ಹೇಳುತ್ತೇನೆ. ನಾನು ಮೂರನೇ ಕ್ಲಾಸಿನವರೆಗೆ ಹೋದವಳು, ಕಾನೂನು ಓದಿದವಳಲ್ಲ. ಆದರೆ ಕೂಲಿ ಯಾವುದು, ಮುಯ್ಯಿ ಯಾವುದು ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ನಮ್ಮೂರು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿದೆ. ಮುಕ್ಕಾಲು ಪಾಲು ಮನೆಗಳಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ನಂದಿ ಕಡೆ ದೊಡ್ಡ ಕಾಲೇಜು ಬಂದ ಮೇಲೆ ಹೊರದೇಶದ ಮಕ್ಕಳು ನಮ್ಮ ಬಸ್ಸುಗಳಲ್ಲಿ ಕಾಣಿಸತೊಡಗಿದರು. ಈ ಹುಡುಗಿ ಆಫ್ರಿಕಾದ ತಾಂಜಾನಿಯಾದವಳು. ನರ್ಸಿಂಗ್ ಓದಲು ಬಂದಿದ್ದಳು. ಹಾಸ್ಟೆಲ್ ಊಟ ಸೇರದೆ ರೂಮು ಹುಡುಕುತ್ತಿದ್ದಳು. ನನಗಿಂತ ಮೊದಲು ಕೇಳಿದ ಮನೆಗಳವರೆಲ್ಲ ಬಾಗಿಲು ಪೂರ್ತಿ ತೆಗೆಯದೆಯೇ ಇಲ್ಲ ಎಂದಿದ್ದರು. ನಾನು ಕೊಟ್ಟೆ. ದೊಡ್ಡ ಮನಸ್ಸಿನಿಂದಲ್ಲ. ಹಿತ್ತಲ ರೂಮಿನಲ್ಲಿ ಇಲಿ ಸೇರಿಕೊಂಡಿದ್ದವು, ಮನುಷ್ಯರು ಇದ್ದರೆ ಹೋಗುತ್ತವೆ ಎಂದು ಕೊಟ್ಟೆ.

ಪಕ್ಕದ ಮನೆಯವಳು ಅವತ್ತೇ ಬಂದಳು.

"ಅಷ್ಟೊಂದು ಕಪ್ಪಗವಳೆ ಕಣಕ್ಕ, ನಿಂಗೆ ಹೆದರಿಕೆ ಆಗಲ್ವಾ?"

"ನಾನೇನು ಬೆಳ್ಳಗಿದ್ದೀನೇನೆ? ನನ್ನ ನೋಡ್ಕೊಂಡು ನೀನು ಇಷ್ಟು ವರ್ಷ ಬದುಕಿಲ್ವಾ?"

ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ಹುಡುಗಿ ಬಂದ ವಾರದಲ್ಲೇ ನಮ್ಮ ಒಲೆ ಮುಂದೆ ಕೂತು ಮುದ್ದೆ ತಿರುವಿದಳು. ಅವರ ದೇಶದಲ್ಲಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಇದೇ ಮಾಡುತ್ತಾರಂತೆ. ಒಂದು ಗಂಟೂ ಇರಲಿಲ್ಲ. ನಾನು ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ನನ್ನ ಸೊಸೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಹುಡುಗಿ ಕನ್ನಡವನ್ನು ನನ್ನಿಂದಲೇ ಕಲಿತಳು, ಹಾಗಾಗಿ ಬೈಗುಳ ಮೊದಲು ಬಂತು, ಉಳಿದದ್ದು ಆಮೇಲೆ.

ಈಗ ಹುಳದ ಮಾತು. ರೇಷ್ಮೆ ಹುಳ ಹಣ್ಣಾಗುವ ದಿನ ಯಾರ ಮಾತೂ ಕೇಳುವುದಿಲ್ಲ. ಅದುವರೆಗೆ ಸೊಪ್ಪು ಮೇಯುತ್ತಿದ್ದ ಹುಳ ಮೇಯುವುದು ಬಿಟ್ಟು, ಮೈ ಹಳದಿಯಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಗೂಡು ಕಟ್ಟಲು ಅನುಕೂಲವಾಗಲೆಂದು ಬಿದಿರಿನಲ್ಲಿ ಸುತ್ತು ಸುತ್ತಾಗಿ ಹೆಣೆದ ತಟ್ಟಿ. ತಡ ಮಾಡಿದರೆ ನೂಲು ಸೊಪ್ಪಿನ ಮೇಲೆಯೇ ಸುರಿದುಹೋಗುತ್ತದೆ. ಮನೆಯವರ ಕೈ ಸಾಲುವುದಿಲ್ಲ. ಅದಕ್ಕೇ ನಮ್ಮಲ್ಲಿ ಮುಯ್ಯಾಳು. ನನ್ನ ಹುಳ ಹಣ್ಣಾದ ದಿನ ನೀನು ಬಾ, ನಿನ್ನ ಹುಳ ಹಣ್ಣಾದ ದಿನ ನಾನು ಬರುತ್ತೇನೆ. ನಡುವೆ ಕಾಸು ಬರುವುದಿಲ್ಲ, ಊಟ ಬರುತ್ತದೆ.

ಆ ಸಲ ಹುಳ ಹಣ್ಣಾದ ದಿನವೇ ಊರಿನ ಅರ್ಧ ಹೆಂಗಸರು ಗೌರಿಬಿದನೂರಿಗೆ ಮದುವೆಗೆ ಹೋಗಿದ್ದರು. ಬಂದವರಲ್ಲಿ ನನ್ನ ಮೈದುನನ ಸೊಸೆ ಒಬ್ಬಳು. ಅವಳ ಗಂಡ, ಅಂದರೆ ನನ್ನ ಮೈದುನನ ಮಗ, ಆಳು ಒದಗಿಸುವ ಮೇಸ್ತ್ರಿ. ಚಿಂತಾಮಣಿ ಕಡೆಯಿಂದ ಗಾಡಿಯಲ್ಲಿ ಕೂಲಿಯವರನ್ನು ತುಂಬಿಕೊಂಡು ಬಂದು ತೋಟಗಳಿಗೆ ಬಿಡುತ್ತಾನೆ, ತಲೆಗಿಷ್ಟು ಎಂದು ತನ್ನ ಪಾಲು ಇಟ್ಟುಕೊಳ್ಳುತ್ತಾನೆ. ಬೆಳಿಗ್ಗೆಯೇ ಬಂದು, "ಆಳು ಬೇಕಾ ದೊಡ್ಡಮ್ಮ?" ಎಂದ. ಬೇಡ ಎಂದೆ. ಅವನಿಗೆ ಮುಯ್ಯಿ ಕಂಡರೆ ಆಗುವುದಿಲ್ಲ. ಅದರಲ್ಲಿ ಅವನಿಗೆ ಪಾಲಿಲ್ಲವಲ್ಲ.

ಹುಡುಗಿಗೆ ಕಾಲೇಜು ರಜೆ ಇತ್ತು. ನಾನು ಕರೆಯಲಿಲ್ಲ. ತಾನೇ ಬಾಗಿಲಲ್ಲಿ ಕಾಲು ತೊಳೆದುಕೊಂಡು ಹುಳದ ಮನೆಯೊಳಗೆ ಬಂದು ಕೂತಳು.

"ಅಸಹ್ಯ ಆಗಲ್ವೇನೆ?" ಎಂದೆ.

"ನಾನು ನರ್ಸು ಅಜ್ಜಿ. ಇದಕ್ಕಿಂತ ಕೆಟ್ಟದ್ದು ನೋಡಿದ್ದೀನಿ."

ಸೊಸೆ ನಕ್ಕಳು. ಮುದ್ದೆಯ ಕೋಪ ಅಲ್ಲಿಗೆ ಹೋಯಿತು. ಹುಡುಗಿ ಸಂಜೆಯವರೆಗೆ ಮೈದುನನ ಸೊಸೆಯ ಪಕ್ಕದಲ್ಲಿ ಕೂತು ಹುಳ ಆರಿಸಿದಳು. ಹುರುಳಿಕಾಳು ಸಾರು, ಮುದ್ದೆ ಉಂಡಳು. ನಾನು ಕೂಲಿ ಕೊಡಲಿಲ್ಲ, ಅವಳು ಕೇಳಲಿಲ್ಲ.

ಮೇಸ್ತ್ರಿ ಮಧ್ಯಾಹ್ನ ಹೆಂಡತಿಯನ್ನು ನೋಡುವ ನೆಪದಲ್ಲಿ ಬಂದು ಬಾಗಿಲಲ್ಲಿ ನಿಂತು ಹೋಗಿದ್ದ. ಸಂಜೆಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಬಂತು. ಹುಡುಗಿ ಬಗ್ಗಿ ಹುಳ ಆರಿಸುತ್ತಿದ್ದಾಳೆ. ಕೆಳಗೆ, "ಫಾರಿನ್ ಕೂಲಿ ಆಳು ಸಿಗುತ್ತಾರೆ, ದೊಡ್ಡಮ್ಮನನ್ನು ಕೇಳಿ" ಎಂದು ಬರೆದು ನಗುವ ಮುಖಗಳನ್ನು ಹಾಕಿದ್ದ. ಪಕ್ಕದಲ್ಲಿದ್ದ ತನ್ನ ಹೆಂಡತಿಯನ್ನು ಕತ್ತರಿಸಿ ಹಾಕಿದ್ದ. ಹಸಿರು ಬಳೆಯ ಮುಂಗೈ ಒಂದು ಮಾತ್ರ ಅಂಚಿನಲ್ಲಿ ಉಳಿದಿತ್ತು.

ತಮಾಷೆ ಎಂದು ಎಲ್ಲರೂ ನಕ್ಕರು. ಆ ಗುಂಪಿನಲ್ಲಿ ಕಾಲೇಜಿನ ಬಸ್ಸು ಓಡಿಸುವವನೊಬ್ಬ ಇದ್ದ. ಫೋಟೊ ಕಾಲೇಜಿಗೆ ಹೋಯಿತು.

ಎರಡು ದಿನದ ಮೇಲೆ ಹುಡುಗಿ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತಳು.

"ಅಜ್ಜಿ, ನನ್ನ ಕಳಿಸಿಬಿಡ್ತಾರೆ."

ಓದಲೆಂದು ಬಂದವರು ಇಲ್ಲಿ ಹೊರಗೆ ದುಡಿಯುವಂತಿಲ್ಲವಂತೆ. ದುಡಿದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಓದು ಹೋಗುತ್ತದೆ. ಅವಳಿಗೆ ಕೊನೆಯ ವರ್ಷ ಬಾಕಿ ಇತ್ತು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈ ಮೇಸ್ತ್ರಿಯ ಮಗಳು ಎಲ್ಲಿದ್ದಾಳೆ? ಅವಳೂ ಹೊರದೇಶದಲ್ಲಿ ಓದುತ್ತಿದ್ದಾಳೆ. ಕಾಲೇಜು ಮುಗಿಸಿ ಸಂಜೆ ಹೋಟೆಲ್ಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಅಲ್ಲಿ ಇಷ್ಟು ಗಂಟೆ ಎಂದು ದುಡಿಯಲು ಬಿಡುತ್ತಾರಂತೆ. ಅವಳಿಗೆ ಕೆಲಸ ಸಿಕ್ಕಿದ ದಿನ ಇವನು ಊರಿಗೆಲ್ಲ ಮೈಸೂರುಪಾಕು ಹಂಚಿದ. ಅವನ ಮಗಳು ಪಾತ್ರೆ ತೊಳೆದರೆ ಸಿಹಿ, ಇನ್ನೊಬ್ಬರ ಮಗಳು ಹುಳ ಆರಿಸಿದರೆ ನಗೆ. ಆ ಸಿಹಿ ನಾನೂ ತಿಂದಿದ್ದೆ.

ಮಾರನೇ ದಿನ ಹುಡುಗಿಯ ಜೊತೆ ಬಸ್ಸು ಹತ್ತಿ ಕಾಲೇಜಿಗೆ ಹೋದೆ. ಹೊರದೇಶದ ಮಕ್ಕಳನ್ನು ನೋಡಿಕೊಳ್ಳಲು ಅಲ್ಲೊಬ್ಬ ಮೇಡಂ ಇದ್ದಳು. ನನ್ನ ಸೀರೆ, ಮಾತು ನೋಡಿ ತೆಲುಗಿನಲ್ಲಿ "ಕೂರ್ಚೋಮ್ಮಾ" ಎಂದು ಕುರ್ಚಿ ತೋರಿಸಿದಳು. ಚಿಂತಾಮಣಿ ಕಡೆಯವಳಂತೆ. ಆಮೇಲೆ ಹುಡುಗಿಗೂ ತಿಳಿಯಲೆಂದು ಕನ್ನಡಕ್ಕೆ ಬಂದಳು.

"ಓದೋಕೆ ಅಂತ ವೀಸಾ ಕೊಟ್ಟಿರೋದು ಅಜ್ಜಿ. ಹೊರಗೆ ಕೆಲಸ ಮಾಡಂಗಿಲ್ಲ. ರೂಲ್ಸ್ ನಾನು ಮಾಡಿದ್ದಲ್ಲ."

"ನಾನು ಕೆಲಸಕ್ಕೆ ಇಟ್ಕೊಂಡಿಲ್ಲ ತಾಯಿ. ಮುಯ್ಯಾಳಾಗಿ ಬಂದಳು. ಮನೇಲಿರೋ ಹುಡುಗಿ, ಮನೆ ಕೆಲಸಕ್ಕೆ ಕೈ ಹಾಕಿದಳು. ಕೈ ಕಟ್ಕೊಂಡು ನಿಂತ್ಕೋ ಅಂತ ನಿಮ್ಮ ರೂಲ್ಸಲ್ಲಿ ಬರ್ದಿದ್ಯಾ?"

ಮೇಡಂ ನಗಲಿಲ್ಲ, ರೇಗಲೂ ಇಲ್ಲ.

"ಮುಯ್ಯಿ ನಂಗೂ ಗೊತ್ತು. ನಮ್ಮಮ್ಮ ಕಳ್ಳೇಕಾಯಿ ಕೀಳೋಕೆ ಮುಯ್ಯಿಗೆ ಹೋಗ್ತಿದ್ಲು. ಆದ್ರೆ ಮುಯ್ಯಿ ಅಂದ್ರೆ ತೀರಿಸ್ಬೇಕಲ್ಲ. ಇವಳು ನಿಮ್ಮ ಕೆಲಸಕ್ಕೆ ಬಂದಳು ಸರಿ, ನೀವು ಇವಳ ಯಾವ ಕೆಲಸಕ್ಕೆ ಹೋದ್ರಿ?"



"ಹೋಗ್ತೀನಿ," ಎಂದೆ.

"ಹೋಗ್ತೀನಿ ಅಂದ್ರೆ ನಮ್ಮ ಮೇಲಿನವರು ಕೇಳಲ್ಲ. ಅವರ ಕೈಲಿ ಒಂದು ಫೋಟೊ ಇದೆ. ನನ್ನ ಕೈಲಿ ಏನಿದೆ? ಸೋಮವಾರ ಮೀಟಿಂಗು. ಅಷ್ಟರೊಳಗೆ ಏನಾದ್ರೂ ಇದ್ರೆ ಕಳಿಸಿ."

ವಾಪಸ್ ಬಸ್ಸಿನಲ್ಲಿ ಹುಡುಗಿಯನ್ನು ಕೇಳಿದೆ, "ನಿನ್ನ ಕೆಲಸ ಏನಿದೆ ಹೇಳು." ಏನೂ ಇಲ್ಲ ಎಂದಳು. ಬಟ್ಟೆ ಒಗೆಯಲಾ ಎಂದರೆ ಬೇಡ. ರೂಮು ಸಾರಿಸಲಾ ಎಂದರೆ ಬೇಡ. ಪರೀಕ್ಷೆ ಬರೆಯಲು ನನಗೆ ಬರುವುದಿಲ್ಲ. ಹಾಗೇ ಅವಳ ತಲೆಯ ಕಡೆ ನೋಡಿದೆ. ಸುಮಾರು ದಿನದಿಂದ ತಲೆಗೆ ಬಟ್ಟೆ ಸುತ್ತಿಕೊಂಡೇ ಓಡಾಡುತ್ತಿದ್ದಳು.

"ಅದ್ಯಾಕೆ ಕಟ್ಕೊಂಡಿದ್ದೀಯ?"

ಅವರ ಕಡೆ ಕೂದಲನ್ನು ಸಣ್ಣ ಸಣ್ಣ ಜಡೆಗಳಾಗಿ ತಲೆತುಂಬ ಹೆಣೆಯುತ್ತಾರೆ. ಒಬ್ಬಳಿಗೆ ಹೆಣೆಯಲು ಒಂದು ದಿನ ಬೇಕು. ತಾನೇ ಹಾಕಿಕೊಳ್ಳಲು ಹಿಂದಲೆಗೆ ಕೈ ಎಟುಕುವುದಿಲ್ಲ, ಇನ್ನೊಬ್ಬರು ಹಾಕಬೇಕು. ಇವಳಿಗೆ ಹಾಕುತ್ತಿದ್ದ ಗೆಳತಿ ಓದು ಮುಗಿಸಿ ಅವರ ದೇಶಕ್ಕೆ ಹೋಗಿಬಿಟ್ಟಿದ್ದಳು. ಬ್ಯೂಟಿ ಪಾರ್ಲರಿನಲ್ಲಿ ಮುಟ್ಟಿ ನೋಡಿ ನಮಗೆ ಬರಲ್ಲ ಎಂದಿದ್ದರಂತೆ.

"ಒಂದು ದಿನದ ಕೆಲಸ, ಇನ್ನೊಬ್ಬರ ಕೈ ಬೇಕು. ಇದು ಮುಯ್ಯಿ ಅಲ್ದೆ ಇನ್ನೇನೇ, ಪೆದ್ದಿ!" ಎಂದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು.

ಭಾನುವಾರ ಬೆಳಿಗ್ಗೆ ಹಾಲಿನ ಡೈರಿಯ ಎದುರಿನ ಅರಳಿಕಟ್ಟೆಯ ಮೇಲೆ ಚಾಪೆ ಹಾಸಿದೆ. ಹಾಲು ಹಾಕಲು ಊರೆಲ್ಲ ಅಲ್ಲಿಗೇ ಬರಬೇಕು. ನನ್ನ ಮಗನಿಗೆ ನಾಚಿಕೆ.

"ಮನೇಲಿ ಹಾಕಮ್ಮ, ಬೀದೀಲಿ ಯಾಕೆ?"

"ಅವಳು ಮನೇಲಿ ಮಾಡಿದ್ದನ್ನ ಬೀದಿಗೆ ಹಾಕಿದ್ರಲ್ಲಪ್ಪ. ನಂದು ಬೀದೀಲೇ ಆಗ್ಲಿ."

ಕಟ್ಟೆಯ ಮೇಲೆ ಗಂಡಸರು ಕೂರುವುದು ವಾಡಿಕೆ. ಅಲ್ಲೇ ದಿನ ಕಳೆಯುವ ಮುದುಕನೊಬ್ಬ, "ಹೆಂಗಸ್ರು ಕಟ್ಟೆ ಹತ್ತೋ ಕಾಲ ಬಂತಾ?" ಎಂದ.

"ಹತ್ತಿದ್ದಾಯ್ತು. ಬಾ, ಇಳಿಸು ನೋಡಣ."

ಅವನು ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿದ.

ಹುಡುಗಿ ನನ್ನ ಮುಂದೆ ಕೆಳಗೆ ಕೂತಳು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಕೂದಲು ಕುರಿಯ ಉಣ್ಣೆಯ ಹಾಗೆ ಒತ್ತಾಗಿತ್ತು, ಆದರೆ ಅದಕ್ಕಿಂತ ಮೆತ್ತಗೆ. ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದು, ಚೂರು ಚೂರೇ ಕೂದಲು ತೆಗೆದುಕೊಂಡು, ಉದ್ದಕ್ಕೆ ಚೌರಿ ಸೇರಿಸಿ ಹೆಣೆಯಬೇಕು. ಚೌರಿ ನನಗೆ ಹೊಸದಲ್ಲ, ನಮ್ಮ ಕಾಲದಲ್ಲಿ ಮದುವೆ ಹೆಣ್ಣುಗಳಿಗೆಲ್ಲ ಕಟ್ಟುತ್ತಿದ್ದೆವು. ಮೊದಲ ನಾಲ್ಕೈದು ಜಡೆ ಸೊಟ್ಟಗೆ ಬಂದವು. ಅವಳು ಫೋನಿನ ಕನ್ನಡಿಯಲ್ಲಿ ನೋಡಿಕೊಂಡು, ಬಿಚ್ಚು ಎಂದಳು. ಬಿಚ್ಚಿದೆ. ಮತ್ತೆ ಹಾಕಿದೆ.

"ನೋವಾಗ್ತಿದೆ ಅಜ್ಜಿ."

"ಮುಚ್ಕೊಂಡು ಕೂತ್ಕೊ. ಬಿಗಿ ಇಲ್ದಿದ್ರೆ ನಾಳೆಗೆ ಬಿಚ್ಚೋಗುತ್ತೆ."

ಡೈರಿಗೆ ಬಂದ ಹೆಂಗಸರು ಕ್ಯಾನು ಕೆಳಗಿಟ್ಟು ನಿಂತರು. ಒಬ್ಬಳು ನಕ್ಕಳು, ಒಬ್ಬಳು ಮುಟ್ಟಿ ನೋಡಿದಳು, ಮೊದಲ ದಿನ ಹೆದರಿಸಲು ಬಂದಿದ್ದ ಪಕ್ಕದ ಮನೆಯವಳು ಚೌರಿಯ ಎಳೆ ಬಿಡಿಸಿ ಬಿಡಿಸಿ ಕೈಗೆ ಕೊಡತೊಡಗಿದಳು.

ಮೇಸ್ತ್ರಿ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಾಲು ಹಾಕಲು ಬಂದ.

"ಇದೇನ್ ದೊಡ್ಡಮ್ಮ, ಈ ವಯಸ್ಸಲ್ಲಿ ಪಾರ್ಲರ್ ಇಟ್ಬಿಟ್ಟೆ?"

"ಕೂಲಿ ಕಣಪ್ಪ. ಈ ಫಾರಿನ್ ಸಾವ್ಕಾರ್ತಿ ಹತ್ರ ಕೂಲಿಗೆ ಸೇರಿದ್ದೀನಿ. ಫೋನ್ ತಂದಿದ್ದೀಯಾ? ತೆಗಿ ಫೋಟೊ. ಅವತ್ತು ಕೇಳ್ದೆ ತೆಗ್ದೆ, ಇವತ್ತು ಕೇಳ್ತಿದ್ದೀನಿ, ತೆಗಿ. ಅದೇ ಗುಂಪಿಗೆ ಹಾಕು."

"ತಮಾಷೆಗೆ ಹಾಕಿದ್ದು ದೊಡ್ಡಮ್ಮ…"

"ಅವಳ ಓದು ಹೋಗ್ತಿದೆ ನಿನ್ನ ತಮಾಷೆಗೆ. ನಿನ್ನ ಮಗಳು ಪಾತ್ರೆ ತೊಳೆಯೋ ಕಡೆ ಯಾವನಾದ್ರೂ ಹಿಂಗೆ ತಮಾಷೆ ಮಾಡಿದ್ರೆ ಮೈಸೂರುಪಾಕು ಹಂಚ್ತೀಯಾ?"

ಅವನು ಬೈಕು ಸ್ಟಾರ್ಟ್ ಮಾಡಲು ಹೋದ. ಅವನ ಹೆಂಡತಿ ಅವನ ಷರಟಿನ ಜೇಬಿನಿಂದ ಫೋನು ತೆಗೆದುಕೊಂಡಳು.

"ನಾನೂ ಅವತ್ತು ಅವಳ ಪಕ್ಕದಲ್ಲೇ ಕೂತಿದ್ದೆ. ಅದೇ ಕೆಲಸ ಮಾಡ್ತಿದ್ದೆ. ನನ್ನ ಯಾಕೆ ಕತ್ತರ್ಸ್ದೆ?"

"ಏಯ್, ಕೊಡೇ ಇಲ್ಲಿ."

"ನಾನು ಕೂಲಿ ಅಲ್ಲ, ಅವಳು ಮಾತ್ರ ಕೂಲಿ, ಅದೆಂಗೆ? ಹೇಳು, ಎಲ್ರೂ ಅವ್ರೆ."

ಅವಳು ಕಟ್ಟೆಯ ಹತ್ತಿರ ಬಂದು ನನ್ನನ್ನೂ ಹುಡುಗಿಯನ್ನೂ, ಚೌರಿ ಹಿಡಿದು ನಿಂತವಳನ್ನೂ ಸೇರಿಸಿ ಫೋಟೊ ತೆಗೆದಳು. ಆಮೇಲೆ ಫೋನಿನಲ್ಲಿ ಹುಡುಕಿ ಕತ್ತರಿಸದೆ ಉಳಿದಿದ್ದ ಹಳೆಯ ಫೋಟೊ ತೆಗೆದು ಎಲ್ಲರಿಗೂ ತೋರಿಸಿದಳು. ಅದರಲ್ಲಿ ಐದು ಹೆಂಗಸರು ಒಂದೇ ಸಾಲಿನಲ್ಲಿ ಕೂತು ಹುಳ ಆರಿಸುತ್ತಿದ್ದೆವು, ನಡುವೆ ಈ ಹುಡುಗಿ. ಎರಡನ್ನೂ ಊರಿನ ಗುಂಪಿಗೆ ಹಾಕಿ, ಹುಡುಗಿಯ ಫೋನಿಗೂ ಕಳಿಸಿದಳು. ಕೆಳಗೆ "ಮುಯ್ಯಿ" ಎಂದಷ್ಟೇ ಬರೆದಳು. ನಗುವ ಮುಖ ಹಾಕಲಿಲ್ಲ. ಹುಡುಗಿ ಅಲ್ಲೇ ಕೂತು ಮೇಡಂಗೆ ಕಳಿಸಿದಳು. ನಾನು, "ತಲೆ ಅಲ್ಲಾಡಿಸ್ಬೇಡ," ಎಂದೆ.

ಸಂಜೆ ಹಾಲಿನ ಹೊತ್ತಿಗೆ ಕೊನೆಯ ಜಡೆ ಮುಗಿಯಿತು. ನನ್ನ ಬೆರಳು ಮಡಚಲು ಬರುತ್ತಿರಲಿಲ್ಲ, ಅವಳ ಕಣ್ಣು ಬಿಗಿತಕ್ಕೆ ಮೇಲಕ್ಕೆ ಎಳೆದುಕೊಂಡಿತ್ತು. ಎಡಗಡೆ ಸ್ವಲ್ಪ ಸೊಟ್ಟ ಉಳಿಯಿತು. ಚೆನ್ನಾಗಿದೆ ಎಂದು ಅವಳು ಸುಳ್ಳು ಹೇಳಲಿಲ್ಲ.

ಸೋಮವಾರ ಮಧ್ಯಾಹ್ನ ಮೇಡಂ ಫೋನು ಮಾಡಿದಳು. ಮೇಲಿನವರು ಮೂರೂ ಫೋಟೊ ನೋಡಿದರಂತೆ. ಇದು ಕೂಲಿಯಲ್ಲ ಎಂದು ಮೇಡಂ ಒಪ್ಪಿಸಿದಳಂತೆ. ವೀಸಾ ತಂಟೆಗೆ ಹೋಗುವುದಿಲ್ಲ, ಬಾಯಲ್ಲಿ ಎಚ್ಚರಿಕೆ ಹೇಳಿ ಬಿಟ್ಟಿದ್ದಾರೆ, ಹುಡುಗಿ ಓದು ಮುಗಿಸಬಹುದು ಎಂದಳು. ಕೊನೆಗೆ ಒಂದು ಮಾತು ಸೇರಿಸಿದಳು.

"ಇನ್ನೊಂದ್ಸಲ ಹಿಂಗಾಗ್ಬಾರ್ದು ಅಜ್ಜಿ. ಅವಳನ್ನ ಹುಳದ ಮನೆಗೆ ಬಿಡ್ಬೇಡಿ."

"ನನ್ನ ಮನೇಲಿ ಯಾವ ಬಾಗ್ಲಿಗೂ ಬೀಗ ಇಲ್ಲ ತಾಯಿ," ಎಂದೆ. "ಕೂಲಿ ಕೊಡಲ್ಲ ಅಂತ ಮಾತು ಕೊಡ್ತೀನಿ. ಊಟ ಹಾಕಲ್ಲ, ಕೆಲಸಕ್ಕೆ ಕೈ ಹಾಕ್ಬೇಡ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ."

ಮೇಡಂ, "ಫೋಟೊ ತೆಗೆಯೋರನ್ನಾದ್ರೂ ಹೊರಗಿಡಿ," ಎಂದು ಫೋನು ಇಟ್ಟುಬಿಟ್ಟಳು.

ಅದು ಸರಿಯಾದ ಮಾತು. ಮುಂದಿನ ಬೆಳೆಗೆ ಹುಳ ಹಣ್ಣಾದ ದಿನ ಮೇಸ್ತ್ರಿ ಮತ್ತೆ ಹೆಂಡತಿಯನ್ನು ಬಿಡುವ ನೆಪದಲ್ಲಿ ಬಂದ. ಒಳಗೆ ಅವನ ಹೆಂಡತಿ, ನನ್ನ ಸೊಸೆ, ಪಕ್ಕದ ಮನೆಯವಳು, ಈ ಹುಡುಗಿ ಎಲ್ಲರೂ ಕೂತಿದ್ದರು. "ಫೋನು ಆಚೆ ಇಟ್ಟು, ಕಾಲು ತೊಳ್ಕೊಂಡು ಬಂದ್ರೆ ನಿಂಗೂ ಒಂದು ತಟ್ಟಿ ಕೊಡ್ತೀನಿ," ಎಂದೆ. ಹಾಗೇ ಹೋಗಿಬಿಟ್ಟ. ಹುಡುಗಿಯ ಜಡೆಗಳು ಆಗಲೇ ಬುಡದಲ್ಲಿ ಸಡಿಲವಾಗಿದ್ದವು, ಬಿಚ್ಚಿ ಹೊಸದಾಗಿ ಹಾಕಬೇಕಿತ್ತು. ಮತ್ತೆ ಒಂದು ದಿನದ ಮುಯ್ಯಿ ನನ್ನ ಮೇಲೆ ಬಂತು. ಕಟ್ಟೆ ಅಲ್ಲೇ ಇದೆ, ಚಾಪೆಯೂ ಇದೆ.