ಚೀಟಿಯ ಮೂರನೆಯ ಸಾಲು

ಫಲಿತಾಂಶದ ತಪ್ಪು ಪುಟ ತೆರೆದವನಿಗೆ ಏನೂ ಆಗಲಿಲ್ಲ. ಅದನ್ನು ನಂಬಿದ ದೊಡ್ಡವರಿಗೂ ಏನೂ ಆಗಲಿಲ್ಲ. ಹದಿನೈದನೆಯ ವಯಸ್ಸಿಗೆ ನೂಲಿನ ಮಿಲ್ಲಿಗೆ ಹೊರಡಲು ಬಟ್ಟೆಯ ಗಂಟು ಕಟ್ಟಿದವಳು ನಾನು. ಆ ಗಂಟನ್ನು ಬಿಚ್ಚಿದ ಕೈಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ: ಮೊಣಕೈವರೆಗೆ ಸುಟ್ಟ ಕಲೆಗಳು, ಸದಾ ನೀರಿನಲ್ಲಿ ನೆನೆದು ಬಿಳಿಚಿ ಸುಕ್ಕುಗಟ್ಟಿದ ಬೆರಳ ತುದಿಗಳು.

ಅವರು ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುತ್ತಿದ್ದರು. ಮಕ್ಕಳೆಲ್ಲ ಆಯಮ್ಮ ಎನ್ನುತ್ತಿದ್ದೆವು. ಅವರಿಗೆ ಅಕ್ಷರ ಬಾರದು. ಮೊಟ್ಟೆ ಬಂದ ದಿನ ಒಂದೊಂದನ್ನೂ ನೀರಿಗೆ ಬಿಟ್ಟು ನೋಡದೆ ಒಲೆ ಹಚ್ಚುತ್ತಿರಲಿಲ್ಲ; ಮುಳುಗಿದ್ದು ಮಕ್ಕಳಿಗೆ, ತೇಲಿದ್ದು ತಿಪ್ಪೆಗೆ. ಮೊಟ್ಟೆಯ ಮೇಲೆ ಸರ್ಕಾರದ ಮೊಹರು ಬಿದ್ದಿದೆಯಲ್ಲ ಎಂದು ಸಾಮಾನು ತಂದವನು ರೇಗಿದರೆ, "ನಾ ಮೊಹರ ಬೇಯ್ಸಾಕಿಲ್ಲ ಕಣಪ್ಪ, ಮೊಟ್ಟೆ ಬೇಯ್ಸದು" ಎನ್ನುತ್ತಿದ್ದರು. ಬೇಳೆಯ ಚೀಲದ ಮೇಲಿನ ಬರಹವನ್ನು ಕೈಗೆ ಸಿಕ್ಕ ಮಗುವಿನಿಂದ ಪೂರ್ತಿ ಓದಿಸುತ್ತಿದ್ದರು: ಯಾವ ಊರಿನದು, ಯಾವ ತಿಂಗಳಿನದು.

ಗಡಿಯಲ್ಲಿ ತಮಿಳುನಾಡಿನ ಬದಿಗೆ ಸೇರಿದ ತಾಳವಾಡಿಯ ಕಡೆಯ ನಾವು ಓದುವುದು ಕನ್ನಡದಲ್ಲಿ, ಬರೆಯುವುದು ತಮಿಳುನಾಡಿನ ಪರೀಕ್ಷೆ, ಕೇಳುವುದು ಮೈಸೂರಿನ ರೇಡಿಯೋ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದು ರೇಡಿಯೋ ಹೇಳಿದ ದಿನ ನನ್ನ ಸೋದರಮಾವ ಚಾಮರಾಜನಗರದ ಬ್ರೌಸಿಂಗ್ ಸೆಂಟರಿಗೆ ಹೋಗಿ, ನನ್ನ ನಂಬರು ಕೊಟ್ಟು, ಹೆಸರಿಲ್ಲದೆ ವಿಷಯ, ಅಂಕಗಳನ್ನಷ್ಟೇ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ತಂದರು. ನಪಾಸು. ನಾನು ಚೀಟಿಯತ್ತ ಕಣ್ಣೆತ್ತಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಓದದೆ ನಂಬಿದವರಲ್ಲಿ ಮೊದಲಿಗಳೂ ನಾನೇ. ಮಿಲ್ಲಿಗೆ ಆಳು ಸೇರಿಸುವ ದಲ್ಲಾಳಿಯೂ ತಡಮಾಡಲಿಲ್ಲ. ಸಂಜೆಯೇ ಬಂದು, ಬೆಳಿಗ್ಗೆ ವ್ಯಾನು ಬರುತ್ತದೆಂದು ಹೇಳಿಹೋದ. ನಪಾಸಾದ ಹೆಣ್ಣುಮಕ್ಕಳ ಮನೆ ಹುಡುಕುವುದೇ ಅವನ ಕಸುಬು. ಅದು ಅನ್ಯಾಯವೆಂದು ಅಂದು ಯಾರೂ ಅನ್ನಲಿಲ್ಲ. ಇಂದು ನಾನು ಅನ್ನುತ್ತೇನೆ.

ಪಕ್ಕದ ಬೀದಿಯಲ್ಲೇ ಮನೆಯಿದ್ದ ಆಯಮ್ಮ ಸುದ್ದಿ ಕೇಳಿ ಬಂದರು. ಗಂಟನ್ನೂ ನನ್ನನ್ನೂ ನೋಡಿ ಮಾವನ ಕಡೆ ತಿರುಗಿದರು.

"ಯಾರ್ಲಾ ಏಳುದ್ದು ನಪಾಸು ಅಂತ?"

"ಕಂಪ್ಯೂಟ್ರಲ್ಲೇ ಬಂದದ ಆಯಮ್ಮ. ಅದೇನು ಸುಳ್ಳೇಳ್ತದಾ?"

"ಸುಳ್ಳೇಳ್ತದ ಅಂತ ನಾ ಅಂದ್ನಾ? ಯಾರ ಇಚಾರ ಏಳ್ತಾ ಅದ ಅಂತ ಕೇಳ್ತಾ ಇವ್ನಿ. ಎಸ್ರು ನೋಡುದ್ಯಾ?"

"ನಂಬರು ಕೊಟ್ಟಿವ್ನಲ್ಲ."

"ನಂಬರು ಬಸ್ಸಿಗೂ ಅದ ಕಣ್ಲಾ. ತಗಿ ಚೀಟಿಯ."

ಮಾವ ಜೇಬಿನಿಂದ ತೆಗೆದುಕೊಟ್ಟ ಚೀಟಿಯನ್ನು ಆಯಮ್ಮ ನನ್ನ ಕೈಗಿಟ್ಟರು. "ಓದವ್ವ. ಒಂದೂ ಬುಡಬ್ಯಾಡ."

ಬಿಕ್ಕುತ್ತಲೇ ಓದಿದೆ. ಕನ್ನಡ. ಇಂಗ್ಲಿಷ್. ಮೂರನೆಯ ಸಾಲಿಗೆ ಬಂದು ತಡವರಿಸಿದೆ. "ಹಿಂದಿ, ಹದಿನೆಂಟು."

"ಇಂದಿನಾ?" ಆಯಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ನಮ್ಮ ಸ್ಕೂಲಲ್ಲಿ ಇಂದಿಯ ಯಾವ ಮೇಷ್ಟ್ರವ್ವ ಏಳ್ಕೊಟ್ಟಿದ್ದು?"

"ನಮ್ಗ ಇಂದಿನೇ ಇಲ್ಲ ಆಯಮ್ಮ."

"ನೋಡ್ಲಾ, ಓದ್ದೇ ಇರಾದ್ರಲ್ಲಿ ಮಗೀನ ನಪಾಸು ಮಾಡ್ಸ್ಕೊಂಡು ಬಂದಿದ್ದೀಯ."

ಅಳುವಿನ ನಡುವೆಯೇ ನನಗೆ ನಗು ಬಂತು. ಮೈಸೂರಿನ ರೇಡಿಯೋ ಹೇಳಿದ್ದೂ, ಸೆಂಟರಿನವನು ತೆರೆದ ಪುಟವೂ ಕರ್ನಾಟಕದ್ದು. ಅಂಕಗಳು ಅಲ್ಲಿ ಅದೇ ನಂಬರಿದ್ದ ಇನ್ನಾರದೋ. ನಮ್ಮ ಫಲಿತಾಂಶ ಇನ್ನೂ ಬಂದೇ ಇರಲಿಲ್ಲ. ಆಯಮ್ಮ ಗಂಟು ಬಿಚ್ಚಿ ನನ್ನ ಲಂಗಗಳನ್ನು ಮತ್ತೆ ಗೂಟಕ್ಕೆ ಹಾಕಿದರು. ಬೆಳಿಗ್ಗೆ ವ್ಯಾನು ಬಂದಾಗ ಬಾಗಿಲಲ್ಲೇ ನಿಂತು ವಾಪಸು ಕಳಿಸಿದವರು ಮಾವ.

ಕೆಲವು ದಿನಗಳಲ್ಲಿ ಹೆಡ್ಮಾಸ್ಟರು ನಮ್ಮ ಪಟ್ಟಿ ತಂದರು. ಪಾಸು ಎಂದು ಮನೆಯವರೆಲ್ಲ ಹಿಗ್ಗಿದರೂ ಆಯಮ್ಮ ಪಟ್ಟಿಯನ್ನು ನನ್ನ ಕೈಗಿಟ್ಟರು. ಶಾಲೆಯ ಹೆಸರು, ನನ್ನ ಹೆಸರು, ಐದು ವಿಷಯಗಳು, ಎಲ್ಲವನ್ನೂ ಓದಿಸಿ ಕೇಳಿದ ಮೇಲೆ, "ಇದು ಮುಳುಗ್ತು ಕಣವ್ವ, ಒಳ್ಳೆ ಮೊಟ್ಟೆ" ಎಂದರು.

ಕಳೆದ ವರ್ಷ ಅವರು ತೀರಿಕೊಂಡರು. ಮುಂದೆ ಓದಿದ ನಾನು, ಹೆಣ್ಣುಮಕ್ಕಳನ್ನು ಮಿಲ್ಲಿಗೆ ಸಾಗಿಸುವುದರ ವಿರುದ್ಧ ತಾಳಮಲೆ, ಜೀರಹಳ್ಳಿಯಂಥ ನಮ್ಮ ಕಡೆಯ ಊರುಗಳನ್ನು ಸುತ್ತುತ್ತೇನೆ. ಇಂಟರ್ನೆಟ್ಟಿನದೆಂದು ಯಾರಾದರೂ ಒಂದು ಹಾಳೆ ಕೈಗಿತ್ತರೆ, ನಿಜವೋ ಸುಳ್ಳೋ ಎನ್ನುವುದಕ್ಕೆ ಮೊದಲು ಅದು ಯಾರ ವಿಚಾರ ಹೇಳುತ್ತಿದೆ ಎಂದು ನೋಡುತ್ತೇನೆ.

ಫಲಿತಾಂಶ ಪ್ರಕಟಿಸುವವರೇ, ಪುಟದ ನೆತ್ತಿಯ ಮೇಲೆ ಅದು ಯಾವ ರಾಜ್ಯದ್ದು, ಯಾವ ದಿನದ್ದು ಎಂದು ಕನ್ನಡ, ತಮಿಳು ಎರಡರಲ್ಲೂ ದಪ್ಪ ಅಕ್ಷರದಲ್ಲಿ ಬರೆಯಿರಿ. ಸೆಂಟರು ನಡೆಸುವವರೇ, ಗಡಿಯಾಚೆಯಿಂದ ಬಂದವರಿಗೆ ಹೆಸರಿಲ್ಲದ ಬರೀ ಅಂಕಗಳ ಚೀಟಿ ಕೊಡಬೇಡಿ. ಪರದೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ, ಇದು ನಿಮ್ಮ ಮಗುವೇ ಎಂದು ಕೇಳಿ, ಹೌದೆಂದ ಮೇಲೆ ಕೊಡಿ.