ಸೊಪ್ಪಮ್ಮನ ಏರು

ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಒಂದು ಹನಿ ಬೆರಳಿಗೆ ತಾಗಿತು, ಮೂಸಿದೆ. ಅಷ್ಟೇ, ಹೊಲಿಯಬೇಕಿದ್ದ ರವಿಕೆ ಮಡಿಲಲ್ಲೇ ಉಳಿಯಿತು. ನಿಮಗೂ ಹೀಗೆ ಆಗುತ್ತದೆಯೋ ಏನೋ, ಆ ವಾಸನೆ ಬಂದರೆ ನನಗೆ ನೆನಪಾಗುವುದು ಸೈಕಲ್ಲು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮದುವೆಯಾಗಿ ಲಿಂಗದಹಳ್ಳಿಗೆ ಬಂದಿದ್ದೆ. ನನ್ನವರು ಕಾಲೇಜಿನಲ್ಲಿದ್ದಾಗ ಓಡಿಸುತ್ತಿದ್ದ ರೇಸ್ ಸೈಕಲ್ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿತ್ತು. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಹೆಬ್ಬೆರಳು ದಪ್ಪದ ಟೈರು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಮೈದಾನದ ಸುತ್ತ ಲೇಡೀಸ್ ಸೈಕಲ್ ಕಲಿಸಿದ್ದರು, ಬೆನ್ನು ಬಗ್ಗಿದರೆ ಸ್ಕೇಲು ತೋರಿಸುತ್ತಿದ್ದರು. ಇದರ ಮೇಲೆ ಬಗ್ಗದೆ ಕೂರುವಂತೆಯೇ ಇಲ್ಲ! ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಹಿತ್ತಿಲಲ್ಲಿ ಓಡಿಸಿದೆ, ಬಿದ್ದೆ, ಮತ್ತೆ ಓಡಿಸಿದೆ. ಕ್ರಮೇಣ ಬೀಳುವುದು ನಿಂತಿತು. ತರೀಕೆರೆ ಪೇಟೆಗೆ ಹೋಗಬೇಕೆಂದರೆ ಯಾರಿಗಾದರೂ ಬಿಡುವಾಗುವವರೆಗೆ ಕಾಯಬೇಕಿದ್ದ ನನಗೆ ಅದು ಬೇಕಾಗಿತ್ತು. ತುಂಬ ಬೇಕಾಗಿತ್ತು.

ಅಷ್ಟರಲ್ಲಿ ನನ್ನವರು ಅದನ್ನು ಅಜ್ಜಂಪುರದ ಸ್ನೇಹಿತರೊಬ್ಬರಿಗೆ ಕೊಡುವುದಾಗಿ ಮಾತು ಕೊಟ್ಟು ಬಂದರು.

"ನಾನು ಓಡಿಸ್ತೀನಲ್ರೀ," ಎಂದೆ.

"ಹಿತ್ಲಲ್ಲಿ ಕೋಳೀನೂ ಓಡುತ್ತೆ. ಸೊಪ್ಪಮ್ಮನ ಏರನ್ನ ಕಾಲೂರದೆ ಹತ್ತು, ಸೈಕಲ್ ನಿಂದು."

ಊರಾಚೆ, ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿದ್ದ ಏರು ಅದು. ನಡುವಿನ ತಿರುವಿನಲ್ಲೊಂದು ಕಲ್ಲು, ಅದೇ ಸೊಪ್ಪಮ್ಮ. ಗಾಡಿಯವರಿರಲಿ, ತಲೆಹೊರೆಯವರಿರಲಿ, ಅಲ್ಲಿ ನಿಂತು ಹಸಿ ಸೊಪ್ಪು ಹಾಕಿಯೇ ಮುಂದೆ ಹೋಗಬೇಕು. ಲಾರಿಯವರೂ ಇಳಿಯುತ್ತಿದ್ದರು. ಅಲ್ಲಿ ಇಳಿದರೆ ಕಾಲೂರಿದಂತೆಯೇ ಎಂದು ಪಂದ್ಯ ಒಪ್ಪಿಕೊಳ್ಳುವಾಗ ನನಗೆ ಹೊಳೆಯಲೇ ಇಲ್ಲ. ನನ್ನವರಿಗೆ ಹೊಳೆದಿತ್ತೋ ಏನೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಭಾನುವಾರ, ಊರು ಏಳುವ ಮೊದಲೇ, ಅವರದೇ ಹಳೆಯ ಪ್ಯಾಂಟಿಗೆ ಲಂಗದ ಲಾಡಿ ಬಿಗಿದುಕೊಂಡು ಹೊರಟೆ.

"ಥೇಟ್ ಗಂಡ್ಸಂಗೇ ಕಾಣ್ತೀಯ ಕಣೇ," ಎಂದು ಅತ್ತೆ ನಕ್ಕರು. "ಇರ್ಲಿ, ಸೊಪ್ಪಮ್ಮಂಗೆ ಗುರುತು ಸಿಗುತ್ತೆ."

ಅತ್ತೆ, ನನ್ನವರು ಇಬ್ಬರೂ ಮುಂದಾಗಿ ಹೋಗಿ ಕಲ್ಲಿನ ಹತ್ತಿರ ನಿಂತರು. ನಾನು ಹತ್ತಿದೆ. ಚಕ್ರದ ಕೆಳಗಿನ ಒಂದೊಂದು ಜಲ್ಲಿಕಲ್ಲೂ ಗುರುತಾಗುವಷ್ಟು ನಿಧಾನ. ಒಂದು ಚಿಟ್ಟೆ ನನ್ನನ್ನು ಹಿಂದೆ ಹಾಕಿ ಹೋಯಿತು. ತಿರುವಿಗೆ ಬಂದಾಗ ಅತ್ತೆ ಲಕ್ಕಿ ಸೊಪ್ಪಿನ ಕಡ್ಡಿ ಹಿಡಿದು ಕೈ ಚಾಚಿ ನಿಂತಿದ್ದರು. ಆ ಕೈಯನ್ನು ದಾಟಿಕೊಂಡು ಹೋಗುವುದು ನನ್ನಿಂದಾಗಲಿಲ್ಲ. ಇಳಿದೆ, ಸೊಪ್ಪು ಹಾಕಿದೆ, ಕೈಮುಗಿದೆ.

"ಕಾಲೂರಿದ್ಯಲ್ಲ, ಮುಗೀತು ಬಿಡು," ಎಂದರು ನನ್ನವರು, ಕನ್ನಡಕ ಒರೆಸುತ್ತ.

ನಾನು ಸೈಕಲ್ ತಿರುಗಿಸಿ ಏರಿನ ಬುಡಕ್ಕೆ ಹೋಗಿ, ಮೊದಲಿಂದ ಹತ್ತಲು ಶುರುಮಾಡಿದೆ.

ಈ ಸಲ ತೊಡೆಯಲ್ಲಿ ಮೆಣಸಿನಕಾಯಿ ಅರೆದಂತಿತ್ತು. ತಿರುವು ಬಂತು. ಮತ್ತೆ ಅದೇ ದೇವರು, ಅದೇ ಅತ್ತೆ. ಪೆಡಲ್ ಮೇಲಿನ ಕಾಲು ಅನುಮಾನಿಸಿತು.

"ನಿಲ್ಬ್ಯಾಡ ಕಣೇ!" ಅತ್ತೆ ಚಪ್ಪಾಳೆ ತಟ್ಟಿದರು. "ದಿನಕ್ಕೊಂದೇ ಸೊಪ್ಪು, ನಿಂದಾಗೈತೆ! ತುಳಿ, ತುಳಿ!"

"ಇದ್ಯಾವ ನ್ಯಾಯ ಅವ್ವಾ?"

"ಲೋ, ಸೌದೆಗೆ ದಿನಕ್ಕೆ ನಾಕು ಸಲ ಹತ್ತಿ ಇಳಿಯೋರು ಸಲಸಲಕ್ಕೂ ಹಾಕ್ತಾರೇನೋ? ಬಾಯ್ ಮುಚ್ಕಂಡು ನೋಡು!"

ಏರು ಮುಗಿದದ್ದು ಮೊದಲು ಕಾಲಿಗೆ ಗೊತ್ತಾಯಿತು. ಪೆಡಲ್ ಇದ್ದಕ್ಕಿದ್ದಂತೆ ಹಗುರಾಯಿತು. ಪೊದೆಯ ಮರೆಗೆ ಹೋಗಿ ವಾಂತಿ ಮಾಡಿಕೊಂಡೆ, ಇದನ್ನು ಮನೆಯಲ್ಲಿ ಹೇಳಿಲ್ಲ. ಮಧ್ಯಾಹ್ನ ಅಜ್ಜಂಪುರದ ಸ್ನೇಹಿತರು ಬಂದರೆ ನನ್ನವರು ಕಾಫಿ ಕೊಟ್ಟು, "ಮನೇಲೇ ಓಡ್ಸೋರಿದ್ದಾರೆ ಕಣಯ್ಯ," ಎಂದು ಕಳಿಸಿಕೊಟ್ಟರು. ಆಮೇಲೆ ಎಷ್ಟೋ ವರ್ಷ, ರವಿಕೆಗೆ ಬರೀ ಒಂದು ಗುಂಡಿ ಬೇಕಿದ್ದರೂ, ತರೀಕೆರೆಗೆ ನಾನೊಬ್ಬಳೇ ಹೋಗಿಬಂದೆ.

ಇಷ್ಟು ನೆನೆಯುತ್ತ ಕೂತವಳು ಎದ್ದು ಹೊರಗೆ ಬಂದೆ. ನನ್ನವರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು.

"ನಾಳೆ ಬೆಳಿಗ್ಗೆ ಏರು ಹತ್ತೋಣ ಕಣ್ರೀ. ನಡ್ಕೊಂಡೇ."

ಪೇಪರ್ ಕೆಳಗಿಳಿಯಿತು. "ನಿನ್ನ ಮಂಡಿ ನೋವು?"

"ಅದನ್ನೂ ಕರ್ಕೊಂಡು ಹೋಗೋಣ," ಎಂದೆ.