ಆಸ್ಪತ್ರೆಯಲ್ಲಿ ಕೇಳಿದ ತಗಡಿನ ಸದ್ದು

ಇದನ್ನು ಬರೆಯುವುದನ್ನು ವರ್ಷಗಟ್ಟಲೆ ಮುಂದೂಡಿದೆ. ನಿನ್ನೆ ಸಂಜೆ ಜೇಬಿನಲ್ಲಿದ್ದ ಫೋನು ತಗಡು ಬಡಿದ ಹಾಗೆ ಸದ್ದು ಮಾಡಿತು. ಕಾಡಂಚಿಗೆ ಆನೆ ಬಂದಿದೆ ಎಂಬ ಎಚ್ಚರಿಕೆ ಅದು. ಆನೆಗಿಂತ ಮೊದಲು ನನಗೆ ಟೀಚರ ನೆನಪಾಯಿತು...

ಅವರು ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದು, ಪಯ್ಯಂಪಳ್ಳಿ ಕಡೆಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಮನೆಮಾತು ಮಲಯಾಳ, ನನ್ನ ಹೆಂಡತಿಯ ಜೊತೆ ಮಾತಾಡಿ ಮಾತಾಡಿ ಕನ್ನಡ ಕಲಿತಿದ್ದರು; ನನ್ನನ್ನು ಮಾತ್ರ ಅಣ್ಣ ಎನ್ನದೆ ಚೇಟ್ಟಾ ಎಂದೇ ಕರೆಯುತ್ತಿದ್ದರು. ನಾನು ಆಗ ಹಾಲಿನ ಸಂಘದ ಕಾರ್ಯದರ್ಶಿ. ಟೀಚರ್ ಬಿಡುವಿನಲ್ಲಿ ಸಂಘಕ್ಕೆ ಸಣ್ಣ ಪ್ರೋಗ್ರಾಮುಗಳನ್ನು ಬರೆದುಕೊಟ್ಟರು: ಹಾಲು ತರುವ ಹೊತ್ತು ತಿಳಿಸಲು ಒಂದು, ಆನೆ ಬಂದರೆ ಎಲ್ಲರ ಫೋನೂ ಕೂಗುವಂತೆ ಇನ್ನೊಂದು. ಅದಕ್ಕೆಂದು ನಾವು ಸರ್ವರ್ ಇಡಬೇಕಿರಲಿಲ್ಲ. ಅವು ಎಲ್ಲೋ ದೂರದ ಕ್ಲೌಡಿನಲ್ಲಿದ್ದು, ಕರೆದಾಗ ಎದ್ದು, ಕೆಲಸ ಮುಗಿಸಿ ಮತ್ತೆ ಮಲಗುತ್ತಿದ್ದವು. ಎಚ್ಚರಿಕೆಗೆ ಸದ್ದು ಬೇಕೆಂದು ಟೀಚರ್ ನನ್ನನ್ನು ಗದ್ದೆಯ ಕಾವಲಿನ ಅಟ್ಟಣೆಗೆ ಕರೆದೊಯ್ದು, ತಗಡು ಬಡಿಸಿ, ಫೋನಿನಲ್ಲಿ ಹಿಡಿದುಕೊಂಡರು.

"ಜೋರಾಗಿ ಹೊಡೀರಿ ಚೇಟ್ಟಾ. ಇದು ಆನೆಗಲ್ಲ, ಮಲಗಿರೋ ನಿಮ್ಮ ಮೆಂಬರುಗಳಿಗೆ."

ಎಲ್ಲದರ ಕೋಡೂ ಒಂದೇ ದೊಡ್ಡ ಫೋಲ್ಡರಿನಲ್ಲಿತ್ತು. ಒಂದೊಂದಕ್ಕೂ ಒಳಗೊಂದು ಫೋಲ್ಡರ್. ಯಾವುದನ್ನು ತಿದ್ದಿದೆವೋ ಅದರೊಳಗೆ ಹೋಗಿ ಅದೊಂದನ್ನೇ ಮೇಲೆ ಕ್ಲೌಡಿಗೆ ಕಳಿಸಬೇಕು, ಹೊರಗಿನ ಫೋಲ್ಡರಿನಲ್ಲಿ ನಿಂತು ಕಳಿಸಿದರೆ ಎಲ್ಲವೂ, ಅರ್ಧ ತಿದ್ದಿದ್ದೂ ಸೇರಿ, ಮೇಲೆ ಹೋಗಿಬಿಡುತ್ತದೆ ಎಂದು ಹೇಳಿಕೊಟ್ಟಿದ್ದರು.

ಓಣಂಗೆ ಮುಂಚೆ ಅವರು ತಾಯಿಯನ್ನು ನೋಡಿಕೊಳ್ಳಲು ಪನಮರಂನ ಆಸ್ಪತ್ರೆಯಲ್ಲಿದ್ದರು. ಅವರ ಲ್ಯಾಪ್‌ಟಾಪ್ ಸಂಘದಲ್ಲಿತ್ತು. ಹಬ್ಬಕ್ಕೆಂದು ಹಾಲಿನ ಹೊತ್ತು ಬದಲಾಗಿತ್ತು. ಟೀಚರಿಗಾಗಿ ಕಾದರೆ ಕಾರ್ಯದರ್ಶಿಯ ಗತ್ತಿಗೆ ಕಡಿಮೆಯೆನಿಸಿ ಹಾಲಿನ ಪ್ರೋಗ್ರಾಮನ್ನು ನಾನೇ ತಿದ್ದಿದೆ, ಹೊರಗಿನ ಫೋಲ್ಡರಿನಿಂದಲೇ ಕಳಿಸಿಯೂ ಬಿಟ್ಟೆ. ಪರದೆಯ ಮೇಲೆ ಎಲ್ಲ ಹಸಿರು ಬಂತು. ಆನೆಯ ಪ್ರೋಗ್ರಾಮನ್ನು ಅವರು ಆಸ್ಪತ್ರೆಗೆ ಹೋಗುವ ಮೊದಲು ಅರ್ಧ ತಿದ್ದಿಟ್ಟಿದ್ದರು. ಪರೀಕ್ಷೆಗೆಂದು ಅದರಲ್ಲಿ ತಮ್ಮೊಬ್ಬರ ನಂಬರನ್ನು ಮಾತ್ರ ಇಟ್ಟಿದ್ದರು. ಅದೂ ಜೊತೆಗೆ ಮೇಲೆ ಹೋಗಿತ್ತು.

ಮರುದಿನ ಬೆಳಿಗ್ಗೆ ಕಾವಲಿನವನು ಆನೆ ಕಂಡು ಎಚ್ಚರಿಕೆ ಕೊಟ್ಟ. ತಗಡಿನ ಸದ್ದು ಆಸ್ಪತ್ರೆಯಲ್ಲಷ್ಟೇ ಕೇಳಿತು. ಟೀಚರ್ ಮೇಲಿಂದ ಮೇಲೆ ನನಗೆ ಫೋನ್ ಮಾಡಿದರು. ಲ್ಯಾಪ್‌ಟಾಪ್ ಮುಟ್ಟಿದ್ದಕ್ಕೆ ಬೈಯುತ್ತಾರೆಂದು ನಾನು ಎತ್ತಲಿಲ್ಲ. ಅವರು ಬೇರೆಯವರಿಗೆ ತಿಳಿಸುವಷ್ಟರಲ್ಲಿ ಹಾಲು ತರುತ್ತಿದ್ದ ಹೆಂಗಸೊಬ್ಬಳು ಆನೆಯೆದುರು ಸಿಕ್ಕಿದ್ದಳು... ಬದುಕಿಕೊಂಡಳು. ಮತ್ತೆ ನೆಟ್ಟಗೆ ನಡೆಯಲಿಲ್ಲ.

ಎಚ್ಚರಿಕೆ ಯಾಕೆ ಬರಲಿಲ್ಲವೆಂದು ಕೇಳಲು ಕರೆದ ಸಂಘದ ಸಭೆಯಲ್ಲಿ ಟೀಚರ್ ಎದ್ದುನಿಂತು, ಸದ್ದು ತಮ್ಮ ಫೋನಿಗಷ್ಟೇ ಬಂತೆಂದು ಹೇಳಿದರು.

"ಹಂಗಾರೆ ಆನೆ ಆಸ್ಪತ್ರೆಗೆ ಬಂದಿತ್ತಾ ಟೀಚರೇ?" ಎಂದ ಒಬ್ಬ. ಕೆಲವರು ನಕ್ಕರು.

ಪ್ರೋಗ್ರಾಮು ಕಳಿಸಿದವರ ಹೆಸರಿನ ಜಾಗದಲ್ಲಿ ಇದ್ದದ್ದೂ ಅವರದೇ ಹೆಸರು, ಲ್ಯಾಪ್‌ಟಾಪ್ ಅವರದಲ್ಲವೇ. ಅವರು ನನ್ನ ಕಡೆ ನೋಡಿದರು. ನಾನು ಚಹಾದ ಲೋಟ ನೋಡುತ್ತ ಕೂತೆ.

ಹೊರಗೆ ಬಂದಾಗ, "ಫೋನಾದ್ರೂ ಎತ್ಬೇಕಿತ್ತು ಚೇಟ್ಟಾ" ಎಂದರು. ಎಲ್ಲವನ್ನೂ ಸರಿಮಾಡಿಕೊಟ್ಟು, ಮನೆ ಬಿಟ್ಟು ಹೋದರು.

ಕಳೆದ ಮಳೆಗಾಲ ಅವರು ತೀರಿಹೋದ ಸುದ್ದಿ ಬಂತು. ಆನೆ ಬಂದಾಗಲೆಲ್ಲ ಊರಿನ ಫೋನುಗಳಲ್ಲಿ ಇಂದಿಗೂ ನಾನು ಬಡಿದ ಆ ತಗಡೇ ಕೂಗುತ್ತದೆ. ನಿನ್ನೆ ಸದ್ದು ನಿಂತ ಮೇಲೆ, ಅವರಿಲ್ಲವೆಂದು ಗೊತ್ತಿದ್ದೂ, ಅವರ ಹಳೆಯ ನಂಬರಿಗೆ ಫೋನ್ ಮಾಡಿದೆ. ಬೇರೆ ಯಾರೋ ಎತ್ತಿದರು. ಯಾರು ಬೇಕೆಂದು ಮಲಯಾಳದಲ್ಲಿ ಕೇಳಿದರು.

"ಟೀಚರ್" ಎಂದೆ.